ಕೊನೆಯ ಫರ್ಲಾಂಗಿನ ಕ್ಲೋರಿನ್

ವಿಜಯವಾಡಕ್ಕೆ ಬರುವ ಹೊತ್ತಿಗೆ ಕೃಷ್ಣೆ ಎಷ್ಟೋ ಊರುಗಳಿಗೆ ನೀರುಣಿಸಿರುತ್ತಾಳೆ, ಎಷ್ಟೋ ಊರುಗಳ ಚರಂಡಿಯನ್ನೂ ಹೊತ್ತಿರುತ್ತಾಳೆ. ಮಹಾಬಳೇಶ್ವರದಲ್ಲಿ ಹುಟ್ಟಿ, ನಮ್ಮ ಆಲಮಟ್ಟಿ, ನಾರಾಯಣಪುರಗಳಲ್ಲಿ ತಂಗಿ, ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಸಿಕೊಂಡು, ಶ್ರೀಶೈಲ ಮತ್ತು ನಾಗಾರ್ಜುನಸಾಗರದ ಕಟ್ಟೆಗಳನ್ನು ದಾಟಿ, ಕಡೆಗೆ ಇಂದ್ರಕೀಲಾದ್ರಿಯ ಬುಡದಲ್ಲಿ ಪ್ರಕಾಶಂ ಬ್ಯಾರೇಜಿಗೆ ಬಂದು ನಿಲ್ಲುತ್ತಾಳೆ. 1850ರ ದಶಕದಲ್ಲಿ ಬ್ರಿಟಿಷ್ ಎಂಜಿನಿಯರುಗಳು ಇಲ್ಲಿ ಕಟ್ಟಿದ್ದ ಆಣೆಕಟ್ಟಿನ ಜಾಗದಲ್ಲಿ 1957ರಲ್ಲಿ ಬ್ಯಾರೇಜು ಎದ್ದಿತು. ಅದು ಹಿಡಿದಿಟ್ಟ ನೀರೇ ಮೂರು ಕಾಲುವೆಗಳಾಗಿ ಊರೊಳಗೆ ಹರಿದು ಡೆಲ್ಟಾದ ಗದ್ದೆಗಳಿಗೆ ಹೋಗುತ್ತದೆ. ನಗರದ ನಲ್ಲಿಗಳಿಗೂ ಮುಖ್ಯ ಆಧಾರ ಇದೇ.

ಇಂಥ ನದಿಯ ನೀರನ್ನು ಕುಡಿಯುವಂತೆ ಮಾಡುವುದು ಕಷ್ಟವೆಂದು ಯಾರಿಗಾದರೂ ಅನ್ನಿಸೀತು. ಆದರೆ ಅದರ ವಿದ್ಯೆ ನೂರು ವರ್ಷಕ್ಕೂ ಹಳೆಯದು, ಪಳಗಿದ್ದು. ನೀರಿನಲ್ಲಿ ತೇಲುವ ಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ; ಒಂದು ಇನ್ನೊಂದನ್ನು ತಳ್ಳುವುದರಿಂದ ಅವು ದಿನಗಟ್ಟಲೆ ತಳ ಸೇರುವುದಿಲ್ಲ. ಆಲಂ (ಪಟಿಕ) ಬೆರೆಸಿದರೆ ಅದರ ಅಲ್ಯುಮಿನಿಯಂ ಆ ವಿದ್ಯುದಂಶವನ್ನು ಅಳಿಸಿಹಾಕುತ್ತದೆ. ಕಣಗಳು ಗುಂಪುಗೂಡಿ, ಭಾರವಾಗಿ, ತಳ ಹಿಡಿಯುತ್ತವೆ. ಮೇಲಿನ ತಿಳಿನೀರು ಮರಳಿನ ಹಾಸಿನ ಮೂಲಕ ಇಳಿಯುತ್ತದೆ. ಆಮೇಲೆ ಕ್ಲೋರಿನ್. ಯಂತ್ರಗಳು ಸರಿಯಾಗಿ ಓಡಿ, ಮರಳಿನ ಹಾಸನ್ನು ಹೊತ್ತುಹೊತ್ತಿಗೆ ತೊಳೆದರೆ ಘಟಕದ ಬಾಗಿಲಲ್ಲಿ ಹಿಡಿದ ಲೋಟದ ನೀರು ನಿಶ್ಚಿಂತೆಯಿಂದ ಕುಡಿಯುವಂಥದ್ದು. ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ನಗರದಲ್ಲಿ 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಮೊದಲು ಕೇಳಿಬಂದ ಪ್ರಶ್ನೆ, ಶುದ್ಧೀಕರಣ ಘಟಕವನ್ನು ಸ್ವಚ್ಛಗೊಳಿಸಿ ಎಷ್ಟು ಕಾಲವಾಗಿತ್ತು ಎಂಬುದೇ.

ಆದರೆ ಘಟಕ ಸರಿಯಿದ್ದ ಊರಿನಲ್ಲೂ ವಾಂತಿಭೇದಿ ಏಳುತ್ತದೆ. 2018ರ ಮಾರ್ಚಿನಲ್ಲಿ ಗುಂಟೂರಿನಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು, ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕುಡಿಯುವ ನೀರಿನ ಪೈಪಿಗೆ ಒಳಚರಂಡಿ ಸೇರಿದ್ದೇ ಕಾರಣವೆಂಬ ಕೂಗೆದ್ದಿತು. 2024ರ ಮೇ ತಿಂಗಳ ಕೊನೆಗೆ ವಿಜಯವಾಡದ ಮೊಗಲ್ರಾಜಪುರಂನಲ್ಲಿ ವಾಂತಿಭೇದಿ ಹಬ್ಬಿದಾಗ ಜನ ಬೆರಳು ತೋರಿಸಿದ್ದು ನಲ್ಲಿಯ ಕಡೆಗೇ. 2025ರ ಸೆಪ್ಟೆಂಬರಿನಲ್ಲಿ ಅದೇ ನಗರದ ನ್ಯೂ ರಾಜರಾಜೇಶ್ವರಿಪೇಟೆಯ ಸರದಿ. ಪ್ರತಿ ಸಲವೂ ಕಾಯಿಲೆ ಕಾಣಿಸಿದ್ದು ಊರಿನ ಕೆಲವು ಬಡಾವಣೆಗಳಲ್ಲಿ, ಕೆಲವು ಬೀದಿಗಳಲ್ಲಿ. ಘಟಕವೇ ಕೆಟ್ಟಿದ್ದರೆ ಅದರ ನೀರು ಹೋಗುವ ಇಡೀ ಊರು ಮಲಗಬೇಕಿತ್ತು. ಸಾಂಕ್ರಾಮಿಕ ರೋಗತಜ್ಞರು ನಕ್ಷೆಯ ಮೇಲೆ ರೋಗಿಗಳ ಮನೆಗಳನ್ನು ಗುರುತು ಹಾಕಿಕೊಳ್ಳುವುದು ಇದಕ್ಕಾಗಿಯೇ. ಗುರುತುಗಳು ಒಂದೆಡೆ ಗುಂಪುಗೂಡಿದ್ದರೆ ಅಪರಾಧಿಯನ್ನು ಘಟಕ ಮತ್ತು ನಲ್ಲಿಯ ನಡುವೆ, ನೆಲದ ಕೆಳಗೆ ಹುಡುಕಬೇಕು.

ನೆಲದ ಕೆಳಗೆ ಏನಾಗುತ್ತದೆ? ನಮ್ಮ ಹೆಚ್ಚಿನ ಊರುಗಳಲ್ಲಿ ನೀರು ದಿನಕ್ಕೆ ಒಂದೆರಡು ಗಂಟೆ ಬರುತ್ತದೆ. ಕೆಲವೆಡೆ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಪೈಪು ತುಂಬುತ್ತದೆ. ಒಳಗೆ ಒತ್ತಡವಿರುವಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಅಷ್ಟೆ. ವಾಲ್ವ್ ಮುಚ್ಚಿದ ಮೇಲೆ ಉಳಿದ ನೀರು ತಗ್ಗಿನ ಮನೆಗಳ ನಲ್ಲಿಗೆ ಇಳಿದುಹೋಗಿ ಪೈಪಿನೊಳಗೆ ನಿರ್ವಾತ ಹುಟ್ಟುತ್ತದೆ. ಆಗ ಅದೇ ಬಿರುಕು ಹೊರಗಿನದನ್ನು ಒಳಗೆಳೆಯುತ್ತದೆ. ಪೈಪು ಚರಂಡಿಯ ಪಕ್ಕದಲ್ಲೋ, ಎಷ್ಟೋ ಓಣಿಗಳಲ್ಲಿ ಚರಂಡಿಯ ಒಳಗೇ ಹಾಯ್ದಿರುತ್ತದೆ. ನೀರು ಬಂದ ಗಂಟೆಯಲ್ಲಿ ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ಮನೆಗಳು ಈ ಹೀರುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತವೆ. ಬೆಟ್ಟದ ಇಳಿಜಾರಿನಲ್ಲಿ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿರುವ ವಿಜಯವಾಡದಂಥ ಊರಿನಲ್ಲಿ ತಾಪತ್ರಯ ಇಮ್ಮಡಿ: ಮೇಲಿನವರಿಗೆ ಒತ್ತಡ ಸಾಲದು, ಕೆಳಗಿನವರ ನಲ್ಲಿ ಮೇಲಿನ ಪೈಪನ್ನು ಬರಿದು ಮಾಡುತ್ತದೆ.

ಇದು ಬರಿಯ ತರ್ಕ ಎನ್ನುವವರಿಗೆ ಉತ್ತರ ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿದೆ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ಯೋಜನೆ ಜಾರಿಯಾದ ಮೇಲೆ, ಉಳಿದ ವಾರ್ಡುಗಳು ಹಳೆಯ ಪಾಳಿಯಲ್ಲೇ ಇದ್ದವು. ಒಂದೇ ಊರು, ಒಂದೇ ಮೂಲ, ಒಂದೇ ಬಗೆಯ ಶುದ್ಧೀಕರಣ. ವಿಜ್ಞಾನಿಗಳಿಗೆ ಇಂಥ ಪ್ರಯೋಗ ತಾನಾಗಿ ಒದಗಿಬರುವುದು ಅಪರೂಪ. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಒಂದು ವರ್ಷ ಕಾಲ ಎರಡೂ ಕಡೆಯ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಘಟಕದಲ್ಲೂ ಟ್ಯಾಂಕುಗಳಲ್ಲೂ ನೀರಿನ ಗುಣ ಹೆಚ್ಚುಕಡಿಮೆ ಒಂದೇ. ನಲ್ಲಿಗೆ ಬಂದಾಗ ನೋಡಿ: ಪಾಳಿಯ ನೀರಿನ ಮಾದರಿಗಳಲ್ಲಿ ಶೇಕಡಾ 31.7ರಲ್ಲಿ ಮಲ ಬೆರೆತ ಸುಳಿವಾದ ಈ. ಕೋಲಿ ಬ್ಯಾಕ್ಟೀರಿಯಾ ಇತ್ತು. ನಿರಂತರ ನೀರಿನ ಮಾದರಿಗಳಲ್ಲಿ ಶೇಕಡಾ 0.7ರಲ್ಲಿ ಮಾತ್ರ. ನಡುವೆ ಇದ್ದದ್ದು ಪೈಪು ಮತ್ತು ಅದರ ಖಾಲಿ ಹೊತ್ತು. ಮುಂದೆ ಅಲ್ಲಿನ ಮಕ್ಕಳ ಆರೋಗ್ಯವನ್ನು ಅಳೆದ ಇನ್ನೊಂದು ಅಧ್ಯಯನ 2015ರಲ್ಲಿ ಬಂತು. ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಟೈಫಾಯ್ಡ್ ಮತ್ತು ಬಡ ಮನೆಗಳ ಮಕ್ಕಳ ರಕ್ತಭೇದಿ ಮಾತ್ರ ನಿರಂತರ ನೀರಿದ್ದ ಕಡೆ ಕಡಿಮೆಯಿದ್ದವು. ಮಗುವಿಗೆ ಭೇದಿ ತರುವ ದಾರಿಗಳು ನಲ್ಲಿಯ ಹೊರಗೂ ಬೇಕಾದಷ್ಟಿವೆ ಎಂಬ ಈ ಮುಜುಗರದ ಫಲಿತಾಂಶವನ್ನು ಮುಚ್ಚಿಡದೆ ಹೇಳಿದ್ದಕ್ಕೇ ಆ ಅಧ್ಯಯನದ ಮೇಲೆ ನನಗೆ ಗೌರವ ಹೆಚ್ಚು.

ಪೈಪನ್ನು ರಾತ್ರೋರಾತ್ರಿ ಬದಲಿಸಲಾಗದು. ಅಲ್ಲಿಯತನಕ ಜನರನ್ನು ಕಾಯುವುದು ಕ್ಲೋರಿನ್, ಅದರಲ್ಲೂ ಉಳಿಕೆ ಕ್ಲೋರಿನ್. ನೀರಿಗೆ ಹಾಕಿದ ಕ್ಲೋರಿನ್ ರೋಗಾಣುಗಳನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಕೊಳೆತ ಎಲೆಯ ಸಾರ, ಅಮೋನಿಯ, ಕಬ್ಬಿಣ, ಪೈಪಿನ ಒಳಗೋಡೆಯ ಲೋಳೆ ಎಲ್ಲದರೊಡನೆಯೂ ಪ್ರತಿಕ್ರಿಯಿಸಿ ಖರ್ಚಾಗುತ್ತದೆ. ಅಷ್ಟೆಲ್ಲ ಖರ್ಚಾದ ಮೇಲೂ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಉಳಿದಿರಬೇಕೆಂಬುದು ನಮ್ಮ ನಿಯಮ. ಐದು ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಗ್ರಾಂ! ದಾರಿಯಲ್ಲಿ ಅಷ್ಟಿಷ್ಟು ಚರಂಡಿ ಒಸರಿದರೆ ಅದನ್ನು ಎದುರಿಸುವುದು ಈ ಅಲ್ಪ ಉಳಿಕೆಯೇ. ತುಂಬ ಚರಂಡಿ ನುಗ್ಗಿದರೆ ಇದು ಸೋಲುತ್ತದೆ, ಆದರೆ ಸೋತ ಸುದ್ದಿಯನ್ನಾದರೂ ಕೊಡುತ್ತದೆ: ನಿನ್ನೆಯವರೆಗೆ ಕ್ಲೋರಿನ್ ಇದ್ದ ನಲ್ಲಿಯಲ್ಲಿ ಇಂದು ಅದು ಸೊನ್ನೆಯಾದರೆ ಮೇಲೆಲ್ಲೋ ಏನೋ ಸೇರಿದೆ, ಇಲ್ಲವೇ ಘಟಕದಲ್ಲೇ ಕ್ಲೋರಿನ್ ನಿಂತಿದೆ ಎಂದು ಅರ್ಥ.

ಈ ಸುದ್ದಿ ತಿಳಿಯಲು ಬೇಕಾದದ್ದು ಒಂದು ಗಾಜಿನ ನಳಿಕೆ, ಒಂದು ಡಿಪಿಡಿ ಗುಳಿಗೆ, ಒಂದೆರಡು ನಿಮಿಷ. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ. ಈ. ಕೋಲಿ ಪರೀಕ್ಷೆಗೆ ಇದಕ್ಕಿಂತ ಮರ್ಯಾದೆ ಹೆಚ್ಚು, ಆದರೆ ಅದಕ್ಕೆ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವೊಂದು ಇಂದು ಜಗತ್ತಿನ ಎಷ್ಟೋ ಹಳ್ಳಿಗಳಲ್ಲಿ ಬಳಕೆಯಲ್ಲಿದೆ: ಮದ್ದು ಹಚ್ಚಿದ ಕಾಗದವಿರುವ ಶೀಶೆಗೆ ನೀರು ತುಂಬಿಟ್ಟರೆ, ಮಲದಿಂದ ಬಂದ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಟ್ಟು ಅದನ್ನು ಕಪ್ಪಾಗಿಸುತ್ತವೆ. ಅದಕ್ಕೂ ಒಂದು ರಾತ್ರಿಯಾದರೂ ಬೇಕು. ಶೀಶೆ ಕಪ್ಪಾಗುವ ಹೊತ್ತಿಗೆ ಆ ನೀರನ್ನು ಊರು ಕುಡಿದು ಮುಗಿಸಿರುತ್ತದೆ. ಪ್ರಯೋಗಾಲಯದ ವರದಿ ನಿನ್ನೆಯ ಕಥೆ ಹೇಳುತ್ತದೆ, ಗುಲಾಬಿ ಬಣ್ಣ ಈ ಗಳಿಗೆಯದು. ವಿಶ್ವ ಆರೋಗ್ಯ ಸಂಸ್ಥೆ 2004ರ ಮಾರ್ಗಸೂಚಿಯಲ್ಲಿ ಒತ್ತು ಬದಲಿಸಿದ್ದು ಇದೇ ಕಾರಣಕ್ಕೆ. ಕೊನೆಯಲ್ಲಿ ಒಂದು ಮಾದರಿ ಹಿಡಿದು ಪಾಸು–ಫೇಲು ಹೇಳುವ ಬದಲು, ಜಲಾನಯನದಿಂದ ನಲ್ಲಿಯವರೆಗೆ ಎಲ್ಲೆಲ್ಲಿ ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ ಅಲ್ಲಲ್ಲೇ ಕಾವಲಿಡಿ ಎಂದಿತು ಅದು.

ಕ್ಲೋರಿನ್ ಸರ್ವರೋಗಕ್ಕೆ ಮದ್ದೂ ಅಲ್ಲ. 1955–56ರ ಚಳಿಗಾಲದಲ್ಲಿ ದೆಹಲಿಯಲ್ಲಿ ನಜಾಫ್‌ಗಢ ನಾಲೆಯ ಕೊಳಚೆ ಹಿಮ್ಮುಖವಾಗಿ ಯಮುನೆಯ ನೀರೆತ್ತುವ ಜಾಗಕ್ಕೆ ಸೇರಿತು. ಘಟಕದವರು ಕ್ಲೋರಿನ್ ಏರಿಸಿದರು. ಟೈಫಾಯ್ಡ್ ಹೆಚ್ಚಲಿಲ್ಲ, ಆಮಶಂಕೆ ಹೆಚ್ಚಲಿಲ್ಲ. ಕೆಲವೇ ವಾರಗಳಲ್ಲಿ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆ ಹಿಡಿಯಿತು. ಬ್ಯಾಕ್ಟೀರಿಯಾ ಸತ್ತಿದ್ದವು, ವೈರಸ್ ಉಳಿದಿತ್ತು. ಮುಂದೆ ಹೆಪಟೈಟಿಸ್ ಈ ಎಂದು ಹೆಸರಾದ ವೈರಸ್ ಅದು.

ನೆರೆ ಬಂದಾಗ ಈ ಎಲ್ಲ ಲೆಕ್ಕ ತಲೆಕೆಳಗಾಗುತ್ತದೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಸಿಗೂ ಹೆಚ್ಚು ನೀರು ಹರಿಯಿತು. ಊರನ್ನು ಮುಳುಗಿಸಿದ್ದು ಮಾತ್ರ ಹೊರಗಿನವರು ಹೆಸರೇ ಕೇಳಿರದ ಬುಡಮೇರು ಎಂಬ ಹಳ್ಳ. ಅದರ ಏರಿ ಒಡೆದು ಅಜಿತ್ ಸಿಂಗ್ ನಗರದ ಸುತ್ತಿನ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಸುತ್ತ ನೀರು, ಕುಡಿಯುವ ಬಾಟಲಿ ಮಾತ್ರ ದೋಣಿಯಲ್ಲಿ, ಡ್ರೋನಿನಲ್ಲಿ ಬರಬೇಕಾಯಿತು. ಇಂಥ ನೆರೆಯಲ್ಲಿ ಚರಂಡಿ, ಸಂಪು, ಪೈಪು ಮೂರೂ ಒಂದೇ ಕೆರೆ. ನೀರಿಳಿದ ಮೇಲೆ ಪೈಪುಗಳಿಗೆ ಹೆಚ್ಚು ಕ್ಲೋರಿನ್ ಹಾಯಿಸಿ, ತೊಳೆದು ಚೆಲ್ಲಿ, ಮನೆಮನೆಯ ಸಂಪನ್ನೂ ಬಳಿದು ಬ್ಲೀಚಿಂಗ್ ಪೌಡರ್ ಹಾಕಿಸದೆ ನಲ್ಲಿ ತಿರುಗಿಸುವಂತಿಲ್ಲ. ಸಂಪಿನ ಒಳಗೆ ಪಾಲಿಕೆಯ ಅಧಿಕಾರ ನಡೆಯುವುದಿಲ್ಲ, ಕೆಲಸವೂ ನಡೆಯುವುದಿಲ್ಲ. ಅಲ್ಲಿಂದ ಮುಂದಿನ ನೀರಿಗೆ ಮನೆಯವರೇ ಹೊಣೆ ಎಂದು ಎಲ್ಲರೂ ಒಪ್ಪಿಕೊಂಡಂತಿದೆ.

ವಿಶಾಖಪಟ್ಟಣದ ಕಥೆ ಬೇರೆ. ವಿಜಯವಾಡದ ಚಿಂತೆ ಪೈಪಿನ ತುದಿಯದಾದರೆ ಇಲ್ಲಿಯದು ಮೂಲದ್ದು. ಮಗ್ಗುಲಲ್ಲಿ ಬಂಗಾಳ ಕೊಲ್ಲಿ, ಬೆನ್ನಿಗೆ ಪೂರ್ವಘಟ್ಟ. ನಡುವೆ ಹೇಳಿಕೊಳ್ಳುವಂಥ ದೊಡ್ಡ ನದಿಯಿಲ್ಲ. ಊರು ಬೆಳೆದಂತೆಲ್ಲ ನೀರನ್ನು ದೂರ ದೂರದಿಂದ ಕೂಡಿಹಾಕಬೇಕಾಯಿತು. ಮುಡಸರ್ಲೋವ, ಮೇಘಾದ್ರಿಗೆಡ್ಡ, ಗೋಸ್ತನಿ ನದಿಯ ತಾಟಿಪೂಡಿ, ಶಾರದಾ ನದಿಯ ರೈವಾಡ, ಇವೂ ಸಾಲದೆ ನೂರೈವತ್ತು ಕಿಲೋಮೀಟರಿನಷ್ಟು ಕಾಲುವೆಯಲ್ಲಿ ಬರುವ ಏಲೇರು. ಏಲೇರು ಬತ್ತಿದರೆ ಗೋದಾವರಿಯಿಂದ ಎತ್ತಿ ತುಂಬಿಸುತ್ತಾರೆ. ಅದೇ ಏಲೇರಿನ ಮೇಲೆ ಊರಿನ ಉಕ್ಕಿನ ಕಾರ್ಖಾನೆಯ ದಾಹವೂ ನಿಂತಿದೆ. ಇಷ್ಟು ದೂರ ತೆರೆದ ಕಾಲುವೆಯಲ್ಲಿ ನಡೆದುಬರುವ ನೀರಿಗೆ ದಾರಿಯುದ್ದಕ್ಕೂ ಹೊಲ, ಊರು, ಎಮ್ಮೆಗಳ ಸಹವಾಸ.

ಇವುಗಳ ಪೈಕಿ ಮೇಘಾದ್ರಿಗೆಡ್ಡ ಒಂದು ಕಾಲಕ್ಕೆ ಊರಾಚೆಯ ಜಲಾಶಯ. ಈಗ ಊರೂ ಕಾರ್ಖಾನೆಗಳೂ ಅದರ ಹತ್ತಿರಕ್ಕೆ ಬಂದಿವೆ. ಅದಕ್ಕೆ ಅನತಿ ದೂರದ ಆರ್.ಆರ್. ವೆಂಕಟಾಪುರಂನಲ್ಲಿ 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರನುಗ್ಗಿತು. ಲಾಕ್‌ಡೌನಿನಲ್ಲಿ ಸುಮ್ಮನೆ ನಿಂತಿದ್ದ ಸ್ಟೈರೀನ್ ಒಳಗೊಳಗೇ ಬಿಸಿಯಾಗಿ, ಅಣುಗಳು ಸರಪಳಿಯಾಗಿ ಬೆಸೆಯತೊಡಗಿ, ಆ ಬೆಸುಗೆಯ ಶಾಖ ಮತ್ತಷ್ಟು ಬೆಸುಗೆ ತಂದು, ಕಡೆಗೆ ಕುದಿದಿತ್ತು. ಹನ್ನೆರಡು ಜನ ಸತ್ತರು. ಎಲ್ಲರ ಗಮನ ಗಾಳಿಯ ಮೇಲಿತ್ತು, ಇರಬೇಕಾದದ್ದೇ. ಆದರೆ ನೀರಿನವರಿಗೆ ಇನ್ನೊಂದು ಗಾಬರಿ: ಆವಿ ಜಲಾಶಯದ ಮೇಲೆ ಹಾದಿದ್ದರೆ? ಮುನ್ನೆಚ್ಚರಿಕೆಯಾಗಿ ಮೇಘಾದ್ರಿಗೆಡ್ಡದ ನೀರನ್ನು ಪೂರೈಕೆಯಿಂದ ಬದಿಗಿಟ್ಟು ಮಾದರಿಗಳನ್ನು ಪರೀಕ್ಷೆಗೆ ಕಳಿಸಲಾಯಿತು. ಹಲವು ಮೂಲಗಳಿರುವ ಊರಿಗೆ ಇದೊಂದು ಅನುಕೂಲ, ಒಂದನ್ನು ಮುಚ್ಚಿಯೂ ದಿನ ದೂಡಬಹುದು.

ಇಲ್ಲಿ ನಿಂತು ಒಂದು ವಿಚಾರ ನೋಡಬೇಕು. ಕುಡಿಯುವ ನೀರಿನಲ್ಲಿ ಸ್ಟೈರೀನ್ ಲೀಟರಿಗೆ 20 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಕುಡಿಯುವ ನೀರಿನ ಮಾನದಂಡದಲ್ಲಿ ಸ್ಟೈರೀನಿನ ಹೆಸರೇ ಇಲ್ಲ. ಸೀಸ, ಪಾದರಸ, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಇವೆ. ಕೀಟನಾಶಕಗಳ ಪೈಕಿ ಇಪ್ಪತ್ತಕ್ಕಿಂತ ಕಡಿಮೆ ಹೆಸರುಗಳಿವೆ, ಅಂಗಡಿಯಲ್ಲಿ ಸಿಗುವಂಥವು ನೂರಾರು. ಯಾವ ಮಾನದಂಡವೂ ಎಲ್ಲ ರಾಸಾಯನಿಕಗಳ ಹೆಸರು ಬರೆದುಕೊಂಡು ಕೂರಲಾಗದು, ನಿಜ. ಅದಕ್ಕೇ ಜಲಾಶಯದ ನೆರೆಹೊರೆಯಲ್ಲಿ ಯಾವ ಕಾರ್ಖಾನೆ ಏನನ್ನು ತುಂಬಿಟ್ಟಿದೆ ಎಂಬ ಪಟ್ಟಿ ನೀರು ಪೂರೈಸುವವರ ಮೇಜಿನ ಮೇಲಿರಬೇಕು. ಏನನ್ನು ಹುಡುಕಬೇಕೆಂದು ಗೊತ್ತಿಲ್ಲದ ಪ್ರಯೋಗಾಲಯ ಏನನ್ನೂ ಕಾಣುವುದಿಲ್ಲ.

ಏಲೂರಿನಲ್ಲಿ ಆದದ್ದು ಬಹುಮಟ್ಟಿಗೆ ಅದೇ. ವಿಜಯವಾಡದಿಂದ 60 ಕಿಲೋಮೀಟರ್ ಆಚೆಯ ಈ ಊರಿನಲ್ಲಿ 2020ರ ಡಿಸೆಂಬರ್ ಮೊದಲ ವಾರ ಜನ ಇದ್ದಕ್ಕಿದ್ದಂತೆ ಫಿಟ್ಸ್ ಬಂದು ಕುಸಿಯತೊಡಗಿದರು. ಕೆಲವೇ ದಿನಗಳಲ್ಲಿ ಸಂಖ್ಯೆ ಆರುನೂರಕ್ಕೇರಿತು. ನೀರಿನ ಮೊದಲ ಪರೀಕ್ಷೆಗಳು ಎಲ್ಲ ಸರಿಯಿದೆ ಎಂದವು. ದೆಹಲಿಯ ಏಮ್ಸ್ ರೋಗಿಗಳ ರಕ್ತದಲ್ಲಿ ಸೀಸ ಮತ್ತು ನಿಕ್ಕಲ್ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೀಟನಾಶಕದ ಜಾಡು ಹಿಡಿಯಿತು. ಹತ್ತಾರು ಸಂಸ್ಥೆಗಳು ಓಡಿಬಂದ ಮೇಲೆ ಸರ್ಕಾರ ಕೀಟನಾಶಕದ ಉಳಿಕೆಯೇ ಮುಖ್ಯ ಕಾರಣ ಎಂಬಲ್ಲಿಗೆ ನಿಂತಿತು. ಕಾಯಿಲೆ ಬಂದಷ್ಟೇ ಬೇಗ ಮಾಯವೂ ಆಗಿತ್ತು. ಮೊದಲ ದಿನದ ನೀರನ್ನು ಯಾರಾದರೂ ಶೀಶೆಯಲ್ಲಿ ತೆಗೆದಿಟ್ಟಿದ್ದರೆ ಅರ್ಧ ಚರ್ಚೆ ಮುಗಿಯುತ್ತಿತ್ತು.

ಹಾಗಾದರೆ ತೆಗೆದಿಡಬೇಕಾದವರು ಯಾರು? ಕಾನೂನಿನ ಪುಸ್ತಕದಲ್ಲಿ ಉತ್ತರ ಹುಡುಕಿದರೆ ಒಂದು ವರ್ಷದ ಮೇಲೆ ಕಣ್ಣು ನಿಲ್ಲುತ್ತದೆ: 1974. ಆ ವರ್ಷ ಭಾರತ ಜಲ ಮಾಲಿನ್ಯ ತಡೆ ಕಾಯ್ದೆ ತಂದಿತು. ಅದೇ ವರ್ಷ ಅಮೆರಿಕ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ತಂದಿತು. ನಮ್ಮದು ನದಿಗೆ ಕೊಳಕು ಬಿಡುವವರನ್ನು ಹಿಡಿಯುವ ಕಾನೂನು, ಅವರದು ನಲ್ಲಿಗೆ ನೀರು ಬಿಡುವವರನ್ನು ಹಿಡಿಯುವ ಕಾನೂನು. ಅಲ್ಲಿ ಪೂರೈಕೆದಾರ ಮಾನದಂಡ ಮೀರಿದರೆ ಗ್ರಾಹಕರಿಗೆ ತಿಳಿಸಲೇಬೇಕು. ಇಂಗ್ಲೆಂಡಿನಲ್ಲಿ 1990ರಿಂದ ಕುಡಿಯುವ ನೀರಿಗೆಂದೇ ತಪಾಸಣಾ ಕಚೇರಿಯಿದೆ, ಕಂಪನಿಗಳನ್ನು ಅದು ಕೋರ್ಟಿಗೆಳೆಯುತ್ತದೆ. ಕಾನೂನಿದ್ದ ಮಾತ್ರಕ್ಕೆ ಎಲ್ಲ ನೆಟ್ಟಗಿರುವುದಿಲ್ಲ, ಸೀಸದ ನೀರು ಕುಡಿದ ಅಮೆರಿಕದ ಫ್ಲಿಂಟ್ ನಗರವೇ ಸಾಕ್ಷಿ. ಆದರೂ ಅಲ್ಲಿ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು.

ನಮ್ಮಲ್ಲಿ ಐಎಸ್ 10500 ಪಾಲಿಕೆಗಳ ಮೇಲೆ ಕಡ್ಡಾಯವಲ್ಲ. ನೀರು ಕೊಡುವುದು, ಮಾದರಿ ಹಿಡಿಯುವುದು, ಪರೀಕ್ಷಿಸುವುದು, ಫಲಿತಾಂಶ ಕಡತಕ್ಕೆ ಸೇರಿಸುವುದು ಹೆಚ್ಚಾಗಿ ಒಂದೇ ಇಲಾಖೆ. ತಾನೇ ಪರೀಕ್ಷೆ ಬರೆದು ತಾನೇ ಅಂಕ ಹಾಕಿಕೊಳ್ಳುವ ಹುಡುಗ ಫೇಲಾಗುವುದು ಅಪರೂಪ. ಹೊರಗಿನವರು ಅಂಕ ಹಾಕಿದಾಗ ಏನಾಯಿತೆಂದು 2019ರ ನವೆಂಬರಿನಲ್ಲಿ ನೋಡಿದೆವು. ಮಾನಕ ಬ್ಯೂರೋ ರಾಜಧಾನಿಗಳ ನಲ್ಲಿ ನೀರನ್ನು ಪರೀಕ್ಷಿಸಿದಾಗ ಮುಂಬಯಿಯ ಎಲ್ಲ ಮಾದರಿಗಳೂ ಪಾಸಾದವು. ಬೆಂಗಳೂರೂ ಸೇರಿದಂತೆ ಹದಿಮೂರು ರಾಜಧಾನಿಗಳಲ್ಲಿ ಒಂದೇ ಒಂದು ಮಾದರಿಯೂ ಎಲ್ಲ ಅಂಶಗಳಲ್ಲಿ ಪಾಸಾಗಲಿಲ್ಲ. ಮಾದರಿಗಳ ಸಂಖ್ಯೆ ಚಿಕ್ಕದೆಂದು ಆಕ್ಷೇಪಗಳೆದ್ದವು, ಅದರಲ್ಲಿ ಹುರುಳೂ ಇತ್ತು. ದೊಡ್ಡ ಸಂಖ್ಯೆಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ಬೀದಿವಾರು ಫಲಿತಾಂಶ ಪ್ರಕಟಿಸುವುದಷ್ಟೇ ಅದಕ್ಕೆ ಉತ್ತರ. 2020ರಲ್ಲಿ ಬ್ಯೂರೋ ನಲ್ಲಿ ನೀರಿನ ನಿರ್ವಹಣೆಗೆಂದೇ ಐಎಸ್ 17482 ಎಂಬ ಮಾನಕ ತಂದಿತು. ಅದರಿಂದಲೂ ಹೊರಗಿನ ತಪಾಸಣೆಗಾರನೊಬ್ಬ ಹುಟ್ಟಿಕೊಳ್ಳಲಿಲ್ಲ.

ನ್ಯಾಯಾಲಯಗಳು ಈ ಖಾಲಿ ಜಾಗವನ್ನು ಆಗಾಗ ತುಂಬಿವೆ. ಹೈದರಾಬಾದಿಗೆ ನೀರುಣಿಸುತ್ತಿದ್ದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಬಳಿ ಹರಳೆಣ್ಣೆಯ ರಾಸಾಯನಿಕ ತಯಾರಿಸುವ ಕಾರ್ಖಾನೆಗೆ ಅನುಮತಿ ಕೊಡಬೇಕೇ ಎಂಬ ಪ್ರಶ್ನೆಯನ್ನು ಆಂಧ್ರದ ಮಾಲಿನ್ಯ ನಿಯಂತ್ರಣ ಮಂಡಳಿ ಸುಪ್ರೀಂ ಕೋರ್ಟಿಗೆ ಒಯ್ದಿತ್ತು. 1999ರ ಎಂ.ವಿ. ನಾಯುಡು ತೀರ್ಪು ಹೇಳಿದ್ದಿಷ್ಟು: ಹಾನಿಯಾಗುತ್ತದೆಂದು ಜನ ಸಾಬೀತು ಮಾಡಬೇಕಿಲ್ಲ, ಹಾನಿಯಿಲ್ಲವೆಂದು ಕಾರ್ಖಾನೆ ಸಾಬೀತು ಮಾಡಬೇಕು. ಆ ಕೆರೆಗಳ ಸುತ್ತ 1996ರಿಂದ ಇದ್ದ ನಿರ್ಬಂಧದ ಆದೇಶವನ್ನು ತೆಲಂಗಾಣ ಸರ್ಕಾರ 2022ರಲ್ಲಿ ತೆಗೆದುಹಾಕಲು ಹೊರಟಿತು, ಊರಿಗೆ ಈಗ ಬೇರೆ ಕಡೆಯಿಂದ ನೀರು ಬರುತ್ತಿದೆ ಎಂಬ ವಾದದೊಂದಿಗೆ.

ಕೋರ್ಟಿಗೆ ಹೋಗದೆಯೂ ದಾರಿಯಿದೆ. ಪೂರ್ವ ಕರಾವಳಿಯಲ್ಲಿ ವಿಶಾಖಪಟ್ಟಣದಿಂದ ಉತ್ತರಕ್ಕೆ ಹೋದರೆ ಪುರಿ ಸಿಗುತ್ತದೆ. ಒಡಿಶಾ ಸರ್ಕಾರ 2021ರ ಜುಲೈಯಲ್ಲಿ ಅಲ್ಲಿ ಹಗಲೂ ರಾತ್ರಿಯೂ ನೇರ ನಲ್ಲಿಯಿಂದಲೇ ಕುಡಿಯಬಹುದಾದ ನೀರು ಕೊಡತೊಡಗಿತು. ಪೈಪು ಸದಾ ತುಂಬಿರುವುದು ಅದರ ಅರ್ಧ ಗುಟ್ಟು. ಉಳಿದರ್ಧ ಜಲಸಾಥಿಯರು. ಸ್ವಸಹಾಯ ಗುಂಪಿನ ಈ ಹೆಂಗಸರು ಮನೆಮನೆಗೆ ಹೋಗಿ ಬಿಲ್ಲು ವಸೂಲಿ ಮಾಡುತ್ತಾರೆ, ಮನೆಯವರ ಕಣ್ಣೆದುರೇ ಅವರ ನಲ್ಲಿಯ ನೀರನ್ನು ಪರೀಕ್ಷಿಸುತ್ತಾರೆ. ಹಣ ಕೇಳಲು ಬಂದವರ ಕೈಯಲ್ಲೇ ಪರೀಕ್ಷೆಯ ಕಿಟ್ ಇರುವುದು ನನಗೆ ಬಲು ಜಾಣತನವಾಗಿ ಕಂಡಿದೆ. ವಿಶಾಖಪಟ್ಟಣದಲ್ಲೂ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ನಗರದ ಕೆಲವು ಭಾಗಗಳಿಗೆ ನಿರಂತರ ನೀರು ತರುವ ಕೆಲಸ ನಡೆದಿದೆ. ಪೈಪು, ಮೀಟರು, ಪಂಪುಗಳಿಗೆ ಸಾಲ ಸಿಗುತ್ತದೆ. ಡಿಪಿಡಿ ಗುಳಿಗೆ ಹಿಡಿದು ದಿನವೂ ಓಣಿ ಸುತ್ತುವವರ ಸಂಬಳ ಪಾಲಿಕೆಯ ಬಜೆಟ್ಟಿನಿಂದಲೇ ಬರಬೇಕು.

ಅಷ್ಟರಲ್ಲಿ ವಿಜಯವಾಡ, ವಿಶಾಖಪಟ್ಟಣಗಳ ಅನುಕೂಲಸ್ಥರು ಇಪ್ಪತ್ತು ಲೀಟರಿನ ಕ್ಯಾನಿಗೆ ಹೋಗಿಯಾಗಿದೆ, ನಮ್ಮ ಊರುಗಳಲ್ಲೂ ಹಾಗೆಯೇ. ಆರ್‌ಓ ಘಟಕದಲ್ಲಿ ಕ್ಲೋರಿನ್ ತೆಗೆದುಹಾಕಿ ತುಂಬಿದ ಆ ನೀರು ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಎರಡು ದಿನ ಕೂತರೆ ಕಾಯುವ ಉಳಿಕೆಯೇ ಅದರಲ್ಲಿರುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರ ಪ್ಯಾಕ್ ಮಾಡಿದ ಕುಡಿಯುವ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಅದರ ತಯಾರಕರು ಇನ್ನು ವರ್ಷಕ್ಕೊಮ್ಮೆ ಹೊರಗಿನವರಿಂದ ಲೆಕ್ಕಪರಿಶೋಧನೆ ಮಾಡಿಸಿಕೊಳ್ಳಬೇಕು. ಅದೇ ನದಿಯಿಂದ ಎತ್ತಿ ನಲ್ಲಿಗೆ ಬಿಟ್ಟ ನೀರು ಆ ಪಟ್ಟಿಯಲ್ಲಿಲ್ಲ.